ಗ್ಯಾರೇಜ್ ಅಂಗಳ: ಹಳೇ ಲಾರಿ, ಹಸಿರು ಕಿಲುಬು

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಲೈಟು, ಸೆಲ್ಫು, ಬ್ಯಾಟರಿ ಸುತ್ತಲೇ ತಿರುಗುತ್ತವೆ. ವರ್ಷವೆಲ್ಲ ಇಟ್ಟಿಗೆ, ತೆಂಗಿನಕಾಯಿ, ಬೆಲ್ಲ ಅಂತ ಹಗಲು ಓಡಾಡುವ ಗಾಡಿಗಳು ಈಗ ರಾತ್ರಿಯೆಲ್ಲ ಫ್ಯಾಕ್ಟರಿ ಮುಂದೆ ಸಾಲು ನಿಲ್ಲುತ್ತವೆ. ಹತ್ತು ಅಡಿ ಜರುಗಬೇಕು, ಎಂಜಿನ್ ಆರಿಸಬೇಕು, ಮತ್ತೆ ಸೆಲ್ಫ್ ಹೊಡೆಯಬೇಕು. ವೈರಿಂಗ್‌ನಲ್ಲಿ ಅಡಗಿದ್ದ ರೋಗವೆಲ್ಲ ಆಗ ಹೊರಗೆ ಬೀಳುತ್ತದೆ.

ಮಂಡ್ಯದಲ್ಲಿ ನಾನು ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಾ ಮೂವತ್ತು ವರ್ಷ ದಾಟಿದೆ. ಈ ಸಲ ಬಂದ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಂಡಿತು: 'ಎಲ್ಲ ಹೊಸದು ಹಾಕಿಸಿದೆ, ಆದರೂ ಸರಿ ಹೋಗಲಿಲ್ಲ.' ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಳೇ ಗಾಡಿ ಇಟ್ಟುಕೊಂಡವರ ಹತ್ತಿರ ದುಡ್ಡು ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಇವತ್ತು ಉತ್ತರ ಸ್ವಲ್ಪ ಉದ್ದ.

ಪಾಂಡವಪುರದ ಓದುಗರ ಪ್ರಶ್ನೆ: ನಂದು ಹಳೇ ಟಾಟಾ 407. ಬ್ರೇಕ್ ಒತ್ತಿದರೆ ಬ್ರೇಕ್ ಲೈಟು ಮಂಕಾಗಿ ಉರಿಯುತ್ತದೆ. ಅದರ ಜೊತೆಗೆ ಪಾರ್ಕಿಂಗ್ ಲೈಟೂ ಇಂಡಿಕೇಟರೂ ಸಣ್ಣಗೆ ಹೊತ್ತಿಕೊಳ್ಳುತ್ತವೆ. ಮೀಟರ್ ಬೋರ್ಡಿನ ಬಲ್ಬೂ ಮಿಣುಕುತ್ತದೆ. ಬ್ರೇಕ್ ಸ್ವಿಚ್ಚು, ಬಲ್ಬು, ಇಂಡಿಕೇಟರ್ ಮಿಣುಕಿಸುವ ಫ್ಲಾಶರ್ ಮೂರನ್ನೂ ಬದಲಾಯಿಸಿದ್ದಾಯಿತು. ವೈರಿನ ಸಿಪ್ಪೆ ಎಲ್ಲೂ ಮುರಿಯುತ್ತಿಲ್ಲ, ಆದರೂ ಈಗ ಮೆಕ್ಯಾನಿಕ್ ಪೂರ್ತಿ ವೈರಿಂಗ್ ಬದಲಾಯಿಸಬೇಕು ಅಂತಿದ್ದಾರೆ. ಮಾಡಿಸಲಾ?

ಬೇಡ, ಸದ್ಯಕ್ಕೆ ಕೈ ತಡೆಯಿರಿ. ನೀವು ಬರೆದಿರುವ ಲಕ್ಷಣ ನೋಡಿದರೆ ಹಿಂದಿನ ಲೈಟಿನ ಅರ್ತ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ಕೆಟ್ಟಿದೆ.

ನೀವು ನಾಲೆ ಬಯಲಿನವರು, ಗದ್ದೆ ಲೆಕ್ಕದಲ್ಲೇ ಹೇಳುತ್ತೇನೆ. ತೂಬಿನಿಂದ ಗದ್ದೆಗೆ ನೀರು ಬರುತ್ತದೆ, ಬಸಿಗಾಲುವೆಯಲ್ಲಿ ಹೊರಗೆ ಹೋಗುತ್ತದೆ. ಬಸಿಗಾಲುವೆಗೆ ಮಣ್ಣು ಬಿದ್ದು ಮುಚ್ಚಿಕೊಂಡರೆ? ನೀರು ಬದು ಒಡೆದು ಪಕ್ಕದವರ ಗದ್ದೆಗೆ ನುಗ್ಗುತ್ತದೆ. ಕರೆಂಟೂ ಹಾಗೇ. ಬ್ಯಾಟರಿಯ ಪ್ಲಸ್‌ನಿಂದ ವೈರಿನಲ್ಲಿ ಬಲ್ಬಿಗೆ ಬರುತ್ತದೆ. ಬಲ್ಬಿನಿಂದ ಲೈಟಿನ ತಗಡು, ಬೋಲ್ಟು, ಚಾಸಿ ಹಿಡಿದು ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗಬೇಕು. ವಾಪಸ್ ಹೋಗುವ ದಾರಿಗೆ ತುಕ್ಕು ಹಿಡಿದರೆ ಅದು ಬೇರೆ ದಾರಿ ಹುಡುಕುತ್ತದೆ. ನಿಮ್ಮ ಹಿಂದಿನ ಬಲ್ಬಿನಲ್ಲಿ ಎರಡು ತಂತಿ ಇವೆ, ಬ್ರೇಕಿಗೆ 21 ವಾಟ್‌ನದು, ಪಾರ್ಕಿಂಗ್‌ಗೆ 5 ವಾಟ್‌ನದು. ಎರಡಕ್ಕೂ ಅರ್ತ್ ಒಂದೇ. ಅದು ಸಿಗದಾಗ ಬ್ರೇಕಿನ ಕರೆಂಟು ಪಾರ್ಕಿಂಗ್ ತಂತಿಯೊಳಗೆ ಉಲ್ಟಾ ನುಗ್ಗಿ, ಪಾರ್ಕಿಂಗ್ ವೈರು ಹಿಡಿದು ಗಾಡಿಯ ಬೇರೆ ಬಲ್ಬುಗಳ ಮೂಲಕ ಅರ್ತ್ ಸೇರುತ್ತದೆ. ಅದಕ್ಕೇ ಮೀಟರ್ ಬೋರ್ಡಿನ ಬಲ್ಬು ಮಿಣುಕುವುದು. ಬಲ್ಬು ಬದಲಾಯಿಸಿದರೆ ಇದು ಹೇಗೆ ಸರಿ ಹೋಗುತ್ತದೆ, ಅಲ್ವಾ?

ಖಚಿತ ಮಾಡಿಕೊಳ್ಳಲು ಐದು ನಿಮಿಷ ಸಾಕು. ಉದ್ದನೆಯ ಒಂದು ವೈರು ತಗೊಳ್ಳಿ. ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಕಟ್ಟಿ. ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ. ಇನ್ನೊಂದು ತುದಿಯನ್ನು ಹಿಂದಿನ ಲೈಟಿನೊಳಗೆ ಬಲ್ಬು ಕೂರುವ ಹಿತ್ತಾಳೆ ಹೋಲ್ಡರಿಗೆ ಒತ್ತಿ. ಬ್ರೇಕ್ ಲೈಟು ಜಗ್ಗನೆ ಹೊತ್ತಿ ಉಳಿದವು ಆರಿದರೆ ಬೇರೆ ಪರೀಕ್ಷೆಯೇ ಬೇಡ.

ಇನ್ನು ರಿಪೇರಿ. ಮರದ ಬಾಡಿಯ ಗಾಡಿಗಳಲ್ಲಿ ಹಿಂದಿನ ಲೈಟಿನ ಅರ್ತ್ ಒಂದೇ ಒಂದು ಬೋಲ್ಟನ್ನು ನಂಬಿಕೊಂಡಿರುತ್ತದೆ. ಅದನ್ನು ಬಿಚ್ಚಿ ನೋಡಿ. ಕೆಳಗೆ ಪೇಂಟು, ಕೆಸರು, ಕಬ್ಬಿನ ಹಾಲು ಒಣಗಿ ಕಪ್ಪು ಅಂಟು, ವೈರಿನ ತುದಿಯಲ್ಲಿ ಪಾಚಿಯಂಥ ಹಸಿರು ಪುಡಿ. ತಾಮ್ರಕ್ಕೆ ಹಿಡಿದ ಕಿಲುಬು ಅದು. ಆ ವೈರನ್ನು ಸುಮ್ನೆ ಒರೆಸಿ ಮತ್ತೆ ಹಾಕಬೇಡಿ. ಸಿಪ್ಪೆ ಸುಲಿದು ನೋಡಿದರೆ ಒಳಗೂ ಗೇಣುದ್ದ ಕಪ್ಪಾಗಿರುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಎರಡೂ ಕಡೆಯ ಲೈಟಿನ ಹೋಲ್ಡರಿನಿಂದ ಹೊಸ ವೈರು ಎಳೆದು ಚಾಸಿಗೆ ಕೂರಿಸಿ. ಕೂರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಪೇಂಟನ್ನು ಉಪ್ಪು ಕಾಗದದಿಂದ ಉಜ್ಜಿ, ಬಿಳಿ ಕಬ್ಬಿಣ ಕಾಣಬೇಕು. ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ಆಮೇಲೆ ಗ್ರೀಸ್ ಸವರಿ, ಮೊದಲೇ ಅಲ್ಲ.

ಪೂರ್ತಿ ವೈರಿಂಗ್ ಯಾವಾಗ ಬೇಕು ಅಂದರೆ, ಯಾವ ಕಡೆ ಬಗ್ಗಿಸಿದರೂ ವೈರಿನ ಸಿಪ್ಪೆ ಹಪ್ಪಳದಂತೆ ಮುರಿಯುತ್ತಿದ್ದರೆ. ನಿಮ್ಮ ಗಾಡಿಯಲ್ಲಿ ಹಾಗಿಲ್ಲ ಅಂತ ನೀವೇ ಬರೆದಿದ್ದೀರಿ.

ನಾಗಮಂಗಲದ ಓದುಗರ ಪ್ರಶ್ನೆ: ನಮ್ಮದು 24 ವೋಲ್ಟಿನ ಹಳೇ ಲಾರಿ. ಸೆಲ್ಫ್ ಹೊಡೆದರೆ ಎಂಜಿನ್ ಮೆಲ್ಲಗೆ ತಿರುಗುತ್ತದೆ. ಎರಡೂ ಬ್ಯಾಟರಿ ಹೊಸದು. ಸೆಲ್ಫ್ ಮೋಟರನ್ನೂ ಬಿಚ್ಚಿ ರಿಪೇರಿ ಮಾಡಿಸಿದೆವು. ವಿಚಿತ್ರ ಏನೆಂದರೆ, ಎಂಜಿನ್ ಆರಿಸುವ ಸ್ಟಾಪರ್ ಎಳೆಯಲು ಹೋದರೆ ಗುಂಡಿ ಬಿಸಿಯಾಗಿರುತ್ತದೆ.

ಆ ಬಿಸಿ ಗುಂಡಿಯ ಬಗ್ಗೆ ಬರೆದಿದ್ದು ತುಂಬಾ ಒಳ್ಳೆಯದಾಯಿತು. ಇದು ಅಪಾಯದ ಸೂಚನೆ, ಈ ವಾರವೇ ಸರಿ ಮಾಡಿಸಿ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿಗೂ ಚಾಸಿಗೂ ನಡುವೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿ ಕೊಟ್ಟಿರುತ್ತಾರೆ. ಎಣ್ಣೆ, ಮಣ್ಣು ಕುಡಿದು, ಅಲುಗಾಡಿ ಅಲುಗಾಡಿ ಅದರ ಎಳೆಗಳು ಒಂದೊಂದೇ ಹರಿಯುತ್ತವೆ. ಇಲ್ಲವೇ ಕ್ಲಚ್ಚಿನ ಕೆಲಸಕ್ಕೆ ಬಿಚ್ಚಿದವರು ವಾಪಸ್ ಹಾಕುವುದನ್ನು ಮರೆತಿರುತ್ತಾರೆ. ಇದನ್ನು ನಾನು ಎಷ್ಟು ಸಲ ಕಂಡಿದ್ದೇನೋ! ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ಹರಿಯಬೇಕು. ಪಟ್ಟಿ ಇಲ್ಲದಿದ್ದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ಇರುವ ಲೋಹ ಯಾವುದು? ಸ್ಟಾಪರ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು. ಅಷ್ಟೂ ಕರೆಂಟು ಆ ಸಣ್ಣ ತಂತಿಯಲ್ಲಿ ನುಗ್ಗುತ್ತದೆ. ಒಂದು ಗಾಡಿಯಲ್ಲಿ ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಕರಗಿ ಪಕ್ಕದ ಪೈಪಿಗೆ ಅಂಟಿಕೊಂಡಿದ್ದನ್ನು ನಾನೇ ಚಾಕುವಿನಿಂದ ಬಿಡಿಸಿದ್ದೇನೆ. ಅದು ಡೀಸೆಲ್ ಪೈಪು.

ಪರೀಕ್ಷೆ ಹೀಗೆ. ಮಲ್ಟಿಮೀಟರನ್ನು ಡಿಸಿ ವೋಲ್ಟಿನಲ್ಲಿ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಗಮನಿಸಿ, ಕಂಬವನ್ನು ಹಿಡಿದಿರುವ ಕ್ಲ್ಯಾಂಪಿಗಲ್ಲ, ಕಂಬಕ್ಕೇ. ಇನ್ನೊಂದು ಕಡ್ಡಿ ಎಂಜಿನ್ ಬ್ಲಾಕಿನ ಪೇಂಟಿಲ್ಲದ ಜಾಗಕ್ಕೆ. ಸ್ಟಾಪರ್ ಎಳೆದಿಟ್ಟು, ಎಂಜಿನ್ ಸ್ಟಾರ್ಟ್ ಆಗದಂತೆ, ಸೆಲ್ಫ್ ಹೊಡೆಯಿರಿ. ಮೀಟರ್ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ದಾರಿ ಕೆಟ್ಟಿದೆ. ಸೆಲ್ಫ್ ಹೊಡೆಯದೆ ನೋಡಿದರೆ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ, ಏನೂ ಗೊತ್ತಾಗುವುದಿಲ್ಲ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೀಟರ್ ತಾನು ಅಳೆಯುವಾಗ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ಮೂವತ್ತು ಎಳೆಯ ವೈರಿನಲ್ಲಿ ಇಪ್ಪತ್ತೊಂಬತ್ತು ಹರಿದು ಒಂದೇ ಉಳಿದಿದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಅಲ್ಲೇ ಬಲ್ಬು ಹಚ್ಚಿದರೆ ಬಂಡವಾಳ ಬಯಲಾಗುತ್ತದೆ. ಅದಕ್ಕೇ ಹಳೇ ಗಾಡಿಗಳಿಗೆ 21 ವಾಟಿನ ಬಲ್ಬಿಗೆ ಎರಡು ವೈರು ಬೆಸೆದು ಚೆಕ್ ಬಲ್ಬ್ ಮಾಡಿಟ್ಟುಕೊಳ್ಳಿ. ನಿಮ್ಮ 24 ವೋಲ್ಟಿನ ಗಾಡಿಗೆ 24 ವೋಲ್ಟಿನ ಬಲ್ಬೇ ಬೇಕು. ಎಂಜಿನ್ನಿಗೆ ಕಂಪ್ಯೂಟರ್ ಇರುವ ಹೊಸ ಗಾಡಿಗಳಿಗೆ ಮಾತ್ರ ಈ ಚೆಕ್ ಬಲ್ಬ್ ತೋರಿಸಲೇಬೇಡಿ, ಒಳಗಿನ ಸರ್ಕ್ಯೂಟ್ ಸುಟ್ಟು ಹೋಗಬಹುದು.

ಮಳವಳ್ಳಿಯ ಓದುಗರ ಪ್ರಶ್ನೆ: ಹೆಡ್‌ಲೈಟು ದೀಪಾವಳಿ ಹಣತೆಯಂತೆ ಉರಿಯುತ್ತೆ ಅಂತ 100 ವಾಟಿನ ಬಲ್ಬು ಹಾಕಿಸಿದೆ. ಬೆಳಕು ಅಷ್ಟೇನೂ ಏರಲಿಲ್ಲ. ಈಗ ಲೈಟ್ ಸ್ವಿಚ್ಚು ಕರಗಿ ಹೋಗಿದೆ. ಗಾಡಿ 12 ವೋಲ್ಟ್.

ನಿಮ್ಮ ತಾಲ್ಲೂಕಿನ ಶಿವನಸಮುದ್ರದಿಂದಲೇ ಶುರು ಮಾಡುತ್ತೇನೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ದೂರ ಕರೆಂಟ್ ಕಳಿಸಿದರು. ಸಾವಿರಗಟ್ಟಲೆ ವೋಲ್ಟಿಗೆ ಏರಿಸಿ ಕಳಿಸಿದ್ದರಿಂದ ಅದು ಸಾಧ್ಯವಾಯಿತು. ವೋಲ್ಟ್ ಜಾಸ್ತಿ ಇದ್ದರೆ ಅದೇ ಶಕ್ತಿಗೆ ಆಂಪಿಯರ್ ಕಮ್ಮಿ ಸಾಕು, ದಾರಿಯಲ್ಲಿ ಸೋರುವುದೂ ಕಮ್ಮಿ. ಲಾರಿಯಲ್ಲಿ ನಮ್ಮ ಕಷ್ಟ ಇದರ ತಿರುಗಾಮುರುಗಾ. ಇರುವುದೇ 12 ವೋಲ್ಟ್. ಅದಕ್ಕೆ ಆಂಪಿಯರ್ ಜಾಸ್ತಿ ಬೇಕು, ಐದು ಮೀಟರ್ ವೈರಿನಲ್ಲೇ ಸೋರಿ ಹೋಗುತ್ತದೆ.

ಲೆಕ್ಕ ನೋಡಿ. 60 ವಾಟಿನ ಎರಡು ಬಲ್ಬು ಅಂದರೆ 120 ವಾಟ್, 12ರಿಂದ ಭಾಗಿಸಿದರೆ 10 ಆಂಪಿಯರ್. ಈ 10 ಆಂಪಿಯರನ್ನು 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನಲ್ಲಿ 5 ಮೀಟರ್ ಓಡಿಸಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಹೋಗುತ್ತದೆ. ಇದು ಹೊಸ ವೈರಿನ ಮಾತು. ಹಳೇ ಸ್ವಿಚ್ಚು, ವೈರು ಜೋಡಿಸುವ ಕಿಲುಬು ಹಿಡಿದ ಕಪ್ಲರ್ ಸೇರಿದರೆ ಇನ್ನೂ ಜಾಸ್ತಿ. ಬಲ್ಬಿಗೆ ಹತ್ತರಲ್ಲಿ ಒಂದು ಪಾಲು ವೋಲ್ಟ್ ಕಮ್ಮಿಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತರಷ್ಟು ಬಿದ್ದುಹೋಗುತ್ತದೆ. ನೀವು 100 ವಾಟ್ ಹಾಕಿದಾಗ ಆಂಪಿಯರ್ 10ರಿಂದ ಸುಮಾರು 17ಕ್ಕೆ ಏರಿತು. ಸೋರುವುದೂ ಏರಿತು. ಬೆಳಕಾಗಬೇಕಿದ್ದ ಕರೆಂಟು ಸ್ವಿಚ್ಚಿನಲ್ಲಿ ಬೆಂಕಿಯಾಯಿತು.

100 ವಾಟಿನ ಬಲ್ಬು ತೆಗೆದುಬಿಡಿ. ಎದುರಿಗೆ ಬರುವ ಸ್ಕೂಟರಿನವನ ಕಣ್ಣಿಗೂ ಅದು ಒಳ್ಳೆಯದಲ್ಲ. ಮಾಮೂಲಿ 60/55 ವಾಟಿನ ಎಚ್4 ಬಲ್ಬು ಹಾಕಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು, ಅಂದರೆ ರಿಲೇ, ಕೂರಿಸಿ. ಡಿಪ್ಪಿಗೊಂದು, ಬ್ರೈಟಿಗೊಂದು. ರಿಲೇಯ ಕೆಳಗೆ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿ ಹತ್ತಿರವೇ ಫ್ಯೂಸ್ ಸಮೇತ. 87ರಿಂದ ಬಲ್ಬಿಗೆ. 86ಕ್ಕೆ ಹಳೇ ಸ್ವಿಚ್ಚಿನಿಂದ ಬರುತ್ತಿದ್ದ ವೈರು. 85 ಅರ್ತ್‌ಗೆ. ದಪ್ಪ ವೈರು ಅಂದರೆ 2.5 ಚದರ ಮಿಲಿಮೀಟರ್ ಇರಲಿ. ಈಗ ಸ್ವಿಚ್ಚಿನಲ್ಲಿ ಅರ್ಧ ಆಂಪಿಯರೂ ಓಡುವುದಿಲ್ಲ, ಅದು ಜನ್ಮಕ್ಕೂ ಕರಗುವುದಿಲ್ಲ. ಇಷ್ಟೆಲ್ಲ ಮಾಡಿ ಹೆಡ್‌ಲೈಟಿನ ಅರ್ತ್ ವೈರು ಹಳೆಯದನ್ನೇ ಬಿಡಬೇಡಿ. ಹೋಗುವ ದಾರಿ ಎಷ್ಟು ದಪ್ಪವೋ ಬರುವ ದಾರಿಯೂ ಅಷ್ಟೇ ದಪ್ಪ ಇರಬೇಕು.

ಮೈಸೂರು ಬಂಡೀಪಾಳ್ಯದಿಂದ ಡ್ರೈವರ್ ಒಬ್ಬರ ಪ್ರಶ್ನೆ: ಹಂಪ್ ಹಾರಿಸಿದಾಗಲೆಲ್ಲ ಪಾರ್ಕಿಂಗ್ ಲೈಟಿನ ಫ್ಯೂಸ್ ಹೋಗುತ್ತದೆ. ದಿನಕ್ಕೆ ಮೂರು ನಾಲ್ಕು. ಫ್ಯೂಸ್ ಬದಲು ವೈರಿನ ಎಳೆ ಸುತ್ತಿದರೆ ನಿಲ್ಲುತ್ತೆ ಅಂತ ಜೊತೆಯವರು ಹೇಳುತ್ತಾರೆ.

ದಯವಿಟ್ಟು ಸುತ್ತಬೇಡಿ. ಕೈ ಮುಗಿದು ಕೇಳುತ್ತೇನೆ.

ನಾನು ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿದ್ದಾಗ ಇದೇ ತಪ್ಪು ಮಾಡಿದೆ. ಸಂಜೆ ಹೊತ್ತು, ಡ್ರೈವರಿಗೆ ಅವಸರ. ಫ್ಯೂಸಿಗೆ ತಾಮ್ರದ ಎಳೆ ನಾಲ್ಕು ಸುತ್ತಿ ಕೊಟ್ಟೆ. ಲೈಟು ಬಂತು. ಖುಷಿಯಿಂದ ಹೋದರು. ನಂಜನಗೂಡಿನ ಹತ್ತಿರ ವೈರು ಚಾಸಿಗೆ ತಾಗಿದೆ. ಸುಟ್ಟು ಹೋಗಬೇಕಿದ್ದ ಫ್ಯೂಸ್ ಸುಡಲಿಲ್ಲ, ಅದರ ಬದಲು ವೈರೇ ಉರಿಯಿತು. ಡ್ಯಾಷ್‌ಬೋರ್ಡಿನಿಂದ ಹಿಂದಿನ ಚಕ್ರದವರೆಗೆ ಒಂದೇ ಕಪ್ಪು ಹಗ್ಗವಾಗಿತ್ತು. ಬ್ಯಾಟರಿ ಟರ್ಮಿನಲ್ ಕಿತ್ತೆಸೆಯಲು ಹೋಗಿ ಆ ಡ್ರೈವರ್ ಬಲಗೈ ಸುಟ್ಟುಕೊಂಡರು. ಮಾರನೇ ದಿನ ಬ್ಯಾಂಡೇಜ್ ಕೈಯಲ್ಲೇ ಬಂದು ಅಂಗಡಿ ಮುಂದೆ ನಿಂತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಇವತ್ತಿಗೂ ಆ ಕೈ ನನ್ನ ಕಣ್ಣ ಮುಂದೆ ಇದೆ.

ನಿಮ್ಮ ಗಾಡಿಯಲ್ಲಿ ಎಲ್ಲೋ ವೈರು ಉಜ್ಜಿ ಸಿಪ್ಪೆ ಹೋಗಿದೆ, ಕುಲುಕಿದಾಗ ಚಾಸಿಗೆ ತಾಗುತ್ತಿದೆ. ಹುಡುಕಲು ಫ್ಯೂಸ್ ದಂಡ ಮಾಡಬೇಕಾಗಿಲ್ಲ. ಆ ಲೈನಿನ ಬಲ್ಬುಗಳನ್ನೆಲ್ಲ ಕಳಚಿಡಿ. ಫ್ಯೂಸ್ ಜಾಗದ ಎರಡು ತುದಿಗೆ ಒಂದು ಹೆಡ್‌ಲೈಟ್ ಬಲ್ಬು ಸಿಕ್ಕಿಸಿ, ಪಾರ್ಕಿಂಗ್ ಸ್ವಿಚ್ ಹಾಕಿ. ಬಲ್ಬು ಉರಿಯದಿದ್ದರೆ ಸದ್ಯ ಶಾರ್ಟ್ ಇಲ್ಲ ಅಂತ. ಒಬ್ಬರು ಬಲ್ಬು ನೋಡುತ್ತಿರಲಿ, ನೀವು ವೈರಿನ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಒಂದೊಂದು ಮೊಳ ಹಿಡಿದು ಅಲುಗಾಡಿಸುತ್ತಾ ಹೋಗಿ. ಜಗ್ ಅಂತ ಉರಿದ ಕಡೆ ನಿಲ್ಲಿ. ಚಾಸಿಯ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರಿನ ತೂತಿನಲ್ಲಿ ವೈರು ನುಸುಳುವ ಜಾಗ, ಬ್ಯಾಟರಿ ಪೆಟ್ಟಿಗೆ ಹಿಂದೆ, ಹಿಂದಿನ ನಂಬರ್ ಪ್ಲೇಟ್ ಹತ್ತಿರ ಮೊದಲು ನೋಡಿ. ತೂತಿಗೆ ರಬ್ಬರ್ ಬಳೆ ಇಲ್ಲದಿದ್ದರೆ ಹೆಚ್ಚುಕಮ್ಮಿ ಅಲ್ಲೇ ಸಿಗುತ್ತದೆ. ಬೆಲ್ಲದ ಮಂಡಿ ಹತ್ತಿರ ಗಾಡಿ ನಿಲ್ಲಿಸುವವರು ಇಲಿ ಕಡಿದ ಗುರುತನ್ನೂ ನೋಡಿ. ವೈರು ಸೇರಿಸುವಾಗ ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಬಿಸಿಲಿಗೆ ಅಂಟು ಇಳಿದು ಟೇಪ್ ಬಿಚ್ಚಿಕೊಳ್ಳುತ್ತದೆ. ವೈರು ಹಿಡಿಯುವ ಒಳ್ಳೆಯ ಲೋಹದ ಲಗ್ ಒತ್ತಿಸಿ, ಮೇಲೆ ಬಿಸಿಗೆ ಕುಗ್ಗುವ ತೋಳು ಹಾಕಿ.

ತಿ. ನರಸೀಪುರದ ಓದುಗರ ಪ್ರಶ್ನೆ: 24 ವೋಲ್ಟಿನ ಲಾರಿ. ಎರಡು ಬ್ಯಾಟರಿಯಲ್ಲಿ ಒಂದು ಮಾತ್ರ ವರ್ಷಕ್ಕೆ ಸತ್ತು ಹೋಗುತ್ತದೆ, ಯಾವಾಗಲೂ ಅದೇ ಕಡೆಯದು. ಯಾಕೆ?

ಟೇಪ್‌ರೆಕಾರ್ಡರಿಗೋ ಮೊಬೈಲ್ ಚಾರ್ಜರಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದೀರಾ? ಬಹುಶಃ ಹೌದು. ಜೋಡೆತ್ತಿನಲ್ಲಿ ಒಂದರ ಮೇಲೆ ಮಾತ್ರ ಮೂಟೆ ಹೇರಿದ ಹಾಗೆ ಅದು. ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಎರಡನ್ನೂ ಸೇರಿಸಿ ಸುಮಾರು 28 ವೋಲ್ಟ್ ನೋಡಿಕೊಳ್ಳುತ್ತದೆ, ಒಂದೊಂದನ್ನೂ ಬೇರೆ ಬೇರೆ ನೋಡುವುದಿಲ್ಲ. ಖಾಲಿಯಾದ ಬ್ಯಾಟರಿ 13ರಲ್ಲೇ ನಿಂತರೆ ಇನ್ನೊಂದಕ್ಕೆ 15 ಬೀಳುತ್ತದೆ. ಒಂದಕ್ಕೆ ಹಸಿವು, ಇನ್ನೊಂದಕ್ಕೆ ಅಜೀರ್ಣ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಅದನ್ನು ಎರಡೂ ಬ್ಯಾಟರಿಯ ಮೇಲೆ ಹಾಕಿ. ಬ್ಯಾಟರಿ ಬದಲಾಯಿಸುವಾಗ ಎರಡನ್ನೂ ಒಟ್ಟಿಗೆ, ಒಂದೇ ಅಳತೆಯದು ತನ್ನಿ.

ಮದ್ದೂರಿನ ಓದುಗರ ಪ್ರಶ್ನೆ: ಗಾಡಿ ಮೂರು ದಿನ ನಿಂತರೆ ಬ್ಯಾಟರಿ ಇಳಿದಿರುತ್ತದೆ. ಓಡಿಸುವಾಗ ಚಾರ್ಜಿಂಗ್ 14 ವೋಲ್ಟ್ ಇದೆ. ಏನು ನೋಡಲಿ?

ಚಾರ್ಜಿಂಗ್ ಸರಿ ಇದೆ. ಬ್ಯಾಟರಿಯನ್ನು ಒಂದು ರಾತ್ರಿ ಗಾಡಿಯಿಂದ ಬಿಡಿಸಿಟ್ಟು ಬೆಳಗ್ಗೆ ಅಳೆಯಿರಿ. 12.6 ಹತ್ತಿರ ನಿಂತಿದ್ದರೆ ಬ್ಯಾಟರಿಯೂ ಸರಿ, ಗಾಡಿಯಲ್ಲಿ ಏನೋ ಕುಡಿಯುತ್ತಿದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಕ್ಲ್ಯಾಂಪಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿಟ್ಟು ನೋಡಿ. ಎಲ್ಲ ಸ್ವಿಚ್ ಆರಿಸಿರಬೇಕು. ಮೀಟರ್ ಇರುವಾಗ ಸೆಲ್ಫ್ ಹೊಡೆಯಲೇಬೇಡಿ. ನಿಮ್ಮಂಥ ಹಳೇ ಗಾಡಿಯಲ್ಲಿ 50 ಮಿಲಿ ಆಂಪಿಯರ್ ಒಳಗೇ ಇರಬೇಕು. ಜಾಸ್ತಿ ಇದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ಮೀಟರ್ ನೋಡಿ. ಯಾವುದನ್ನು ಕಿತ್ತಾಗ ಇಳಿಯಿತೋ ಆ ಲೈನಿನಲ್ಲಿ ಹುಡುಕಿ. ಎಲ್ಲ ಕಿತ್ತರೂ ಇಳಿಯದಿದ್ದರೆ ಡೈನಮೋ ಒಳಗೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಸೋರುತ್ತಿರಬಹುದು. ಮೈನಸ್ ಬಿಚ್ಚಿಟ್ಟು, ಡೈನಮೋ ಹಿಂದಿನ ದಪ್ಪ ವೈರನ್ನು ಕಳಚಿ ಬಟ್ಟೆ ಸುತ್ತಿ, ಮತ್ತೆ ಮೀಟರ್ ಇಡಿ. ಆಗ ಸೊನ್ನೆಗೆ ಬಂದರೆ ಡೈನಮೋವನ್ನು ಮಾತ್ರ ಬಿಚ್ಚಿಸಿಕೊಂಡು ಹೋಗಿ, ಡಯೋಡ್ ಪ್ಲೇಟ್ ಬದಲಾಯಿಸಲು ಹೇಳಿ. ಅಲ್ಲಿಯವರೆಗೆ ರಾತ್ರಿ ಗಾಡಿ ನಿಲ್ಲಿಸಿದಾಗ ಮೈನಸ್ ಕ್ಲ್ಯಾಂಪ್ ಬಿಚ್ಚಿಡಿ. ಎಂಜಿನ್ ಓಡುತ್ತಿರುವಾಗ ಮಾತ್ರ ಬಿಚ್ಚಬೇಡಿ, ಉಳಿದ ಡಯೋಡೂ ಹೋಗುತ್ತದೆ.